ಮೂರು ಮಂದಿ ಮುಂದೆ ಒಬ್ಬ

ನನಗೂ ನನ್ನ ತಮ್ಮನಿಗೂ ಐದು ವರ್ಷದಿಂದ ಒಂದು ಜಗಳ ನಡೆದಿದೆ. ಹೊಲದ್ದಲ್ಲ, ಮನೆ ಪಾಲಿನದ್ದೂ ಅಲ್ಲ. ಒಂದು ವಿಡಿಯೊ ಗೇಮಿನಲ್ಲಿ ಕತ್ತಿ ಕಾಳಗ ಸರಿಯಾಗಿದೆಯೋ ಇಲ್ಲವೋ ಅನ್ನೋದು. ಅವನು ಸರಿಯಿಲ್ಲ ಅಂತಾನೆ, ನಾನು ಸರಿಯಿದೆ ಅಂತೀನಿ. ಭಾನುವಾರ ರಾತ್ರಿ ಫೋನಿನಲ್ಲಿ ನಮ್ಮಿಬ್ಬರ ದನಿ ಏರಿತು ಅಂದರೆ ಅವ್ವ, "ಸುರು ಆತು ನೋಡು ಇವರ ಖಡ್ಗ ಪುರಾಣ" ಅಂತ ಒಳಗೆ ಎದ್ದು ಹೋಗ್ತಾಳೆ.

ಗೇಮಿನ ಹೆಸರು ಕಿಂಗ್‌ಡಮ್ ಕಮ್: ಡೆಲಿವರೆನ್ಸ್. ಆಡಿದವರಿಗೆ ಹೇಳೋದು ಬೇಕಿಲ್ಲ, ಆಡದವರಿಗೆ ನಾಲ್ಕು ಮಾತು. ಜೆಕ್ ದೇಶದ ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ ಇದನ್ನು 2018ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿತು. ಶುರುವಿನಲ್ಲಿ ಅವರ ಕೈಯಲ್ಲಿ ದುಡ್ಡಿರಲಿಲ್ಲ. 2014ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಮೂರು ಲಕ್ಷ ಪೌಂಡ್ ಕೇಳಿದರು, ಜನ ಹನ್ನೊಂದು ಲಕ್ಷ ಕೊಟ್ಟರು. ಅಷ್ಟು ಜನ ಯಾಕೆ ದುಡ್ಡು ಹಾಕಿದರು ಅಂದರೆ, ಅವರು ಕೊಟ್ಟ ಮಾತು ಹಂಗಿತ್ತು: ಡ್ರ್ಯಾಗನ್ ಇಲ್ಲ, ಮಂತ್ರ ಇಲ್ಲ, ಮಾಯ ಇಲ್ಲ. 1403ರ ಬೊಹೀಮಿಯಾ ದೇಶ ಹೇಗಿತ್ತೋ ಹಾಗೆ. ಕಥಾನಾಯಕ ಹೆನ್ರಿ ಅನ್ನೋ ಕಮ್ಮಾರನ ಮಗ. ಅವನ ಊರಿಗೆ ಸಿಗಿಸ್ಮಂಡ್ ರಾಜನ ದಂಡು ನುಗ್ಗಿ ಅಪ್ಪ ಅವ್ವ ಇಬ್ಬರನ್ನೂ ಕೊಂದುಹಾಕ್ತದೆ. ಸೇಡು ತೀರಿಸಿಕೊಳ್ಳಬೇಕು. ಆದರೆ ಹುಡುಗನಿಗೆ ಕತ್ತಿ ಹಿಡಿಯೋಕೆ ಬರಲ್ಲ, ಅಕ್ಷರವೂ ಬರಲ್ಲ. ಗೇಮಿನೊಳಗೆ ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗಿ ಕಾಣ್ತವೆ. ಒಬ್ಬ ಬರಹಗಾರನ ಹತ್ತಿರ ಹೋಗಿ ಓದು ಕಲಿತ ಮೇಲೆ ನಿಧಾನಕ್ಕೆ ಶಬ್ದಗಳು ತಿಳಿಯಾಗ್ತವೆ. ಕತ್ತಿಯ ಕಥೆಯೂ ಅದೇ.

1403 ಅಂದಾಗ ನನಗೆ ಮೊದಲು ನೆನಪಾದದ್ದು ನಮ್ಮ ಕಡೆಯ ಕಾಲಮಾನ. ನಮ್ಮೂರು ಕೊಪ್ಪಳ ಜಿಲ್ಲೆಯ ನವಲಿ. ಗಂಗಾವತಿಯಿಂದ ಉತ್ತರಕ್ಕೆ ಬರಬೇಕು. ತುಂಗಭದ್ರಾ ಡ್ಯಾಮಿನಲ್ಲಿ ಹೂಳು ತುಂಬಿದ್ದಕ್ಕೆ ಇನ್ನೊಂದು ಜಲಾಶಯ ಕಟ್ಟಬೇಕು ಅನ್ನೋ ಸುದ್ದಿ ಪೇಪರಿನಲ್ಲಿ ಬಂದಾಗೆಲ್ಲ ಈ ಹೆಸರು ನೋಡಿರ್ತೀರಿ. ಅತ್ತ ಕೃಷ್ಣಾ, ಇತ್ತ ತುಂಗಭದ್ರಾ, ನಡುವಿನ ಎಡೆದೊರೆ ಸೀಮೆ ಇದು. ಹೆನ್ರಿ ಅಲ್ಲಿ ಓಡಾಡುವ ಹೊತ್ತಿಗೆ ಇಲ್ಲಿ ಹಂಪಿಯಲ್ಲಿ ಎರಡನೇ ಹರಿಹರನ ಕೊನೆಯ ದಿನಗಳು, ಕಲಬುರಗಿಯಲ್ಲಿ ಫಿರೋಜ್ ಶಾ ಬಹಮನಿ. ಇಬ್ಬರಿಗೂ ಬೇಕಾಗಿದ್ದು ನಮ್ಮ ಈ ನೆಲ. 1406ರಲ್ಲಿ ಮುದಗಲ್ಲಿನ ಒಬ್ಬ ಅಕ್ಕಸಾಲಿಗನ ಮಗಳ ಸಲುವಾಗಿ ದೇವರಾಯನಿಗೂ ಫಿರೋಜ್ ಶಾನಿಗೂ ಯುದ್ಧವಾಯಿತು ಅಂತ ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಕಮ್ಮಾರನ ಮಗನ ಕಥೆ ಅಲ್ಲಿ, ಅಕ್ಕಸಾಲಿಗನ ಮಗಳ ಕಥೆ ಇಲ್ಲಿ. ನಮ್ಮದನ್ನು ಯಾರೂ ಗೇಮ್ ಮಾಡಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಜಗಳಕ್ಕೆ ಬರ್ತೀನಿ.

2020ರ ಫೆಬ್ರುವರಿಯಲ್ಲಿ ಎಪಿಕ್ ಸ್ಟೋರ್‌ನವರು ಈ ಗೇಮನ್ನು ಒಂದು ವಾರ ಪುಕ್ಕಟೆ ಕೊಟ್ಟರು. ಬೆಂಗಳೂರಿನ ರೂಮಿನಲ್ಲಿ ವೈಫೈ ಇತ್ತು, ಇಳಿಸಿಕೊಂಡೆ. ಮುಂದಿನ ತಿಂಗಳು ಲಾಕ್‌ಡೌನ್. ಲ್ಯಾಪ್‌ಟಾಪ್ ಹೊತ್ತುಕೊಂಡು ನವಲಿಗೆ ಬಂದೆ. ಹಗಲು ಆಫೀಸ್ ಕೆಲಸ ನನ್ನದು, ರಾತ್ರಿ ಲ್ಯಾಪ್‌ಟಾಪ್ ತಮ್ಮನದು. ಅದರ ಬ್ಯಾಟರಿ ಆಗಲೇ ಸತ್ತಿತ್ತು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಈ ಗೇಮಿನಲ್ಲಿ ಬೇಕೆಂದಾಗ ಸೇವ್ ಮಾಡಕ್ಕೆ ಬರಲ್ಲ. ಸ್ವಂತ ಹಾಸಿಗೆಯಲ್ಲಿ ಮಲಗಬೇಕು, ಇಲ್ಲಾ ಸೇವಿಯರ್ ಶ್ನಾಪ್ಸ್ ಅನ್ನೋ ಮದ್ಯದ ಶೀಷೆ ಖಾಲಿ ಮಾಡಬೇಕು, ಇಲ್ಲಾ ಕಥೆಯಲ್ಲಿ ದೊಡ್ಡ ಘಟ್ಟ ಬರಬೇಕು. ಆಟ ಮುಚ್ಚುವಾಗ ಒಂದು ಸೇವ್ ಆಗ್ತದೆ ನಿಜ, ಆದರೆ ಕರೆಂಟ್ ಹೋಗುವಾಗ ಹೇಳಿ ಹೋಗ್ತದಾ? ರಾತ್ರಿ ಹನ್ನೊಂದಕ್ಕೆ ಫಟ್ ಅಂತ ಕತ್ತಲಾದರೆ ತಮ್ಮನ ಎರಡು ತಾಸಿನ ದುಡಿಮೆ ನೀರಿಗೆ. ಅವನ ಬಾಯಿಂದ ಬಂದ ಮಾತುಗಳನ್ನ ಇಲ್ಲಿ ಬರೆಯೋ ಹಂಗಿಲ್ಲ.

ಇದು ಬರೀ ತಮಾಷೆಯಲ್ಲ. ಸೋತರೆ ನಿಜಕ್ಕೂ ಏನಾದರೂ ಕಳಕೊಳ್ತೀರಿ ಅನ್ನೋ ಭಯ ಇದ್ದಾಗ ಮನುಷ್ಯ ಬೇರೆ ಥರ ಹೊಡೆದಾಡ್ತಾನೆ. ಸಿಕ್ಕಸಿಕ್ಕಲ್ಲಿ ಕತ್ತಿ ಎಳೆಯಲ್ಲ. ದಾರಿಯಲ್ಲಿ ನಾಲ್ಕು ಜನ ನಿಂತಿದ್ದು ಕಂಡರೆ ಕುದುರೆ ತಿರುಗಿಸ್ತಾನೆ. ಉಳಿದ ಗೇಮುಗಳಲ್ಲಿ ನೂರು ಜನರನ್ನು ಕೊಂದು ಚಹಾ ಕುಡಿಯೋಕೆ ಏಳ್ತೀವಿ. ಇದರಲ್ಲಿ ಒಬ್ಬನನ್ನು ಗೆದ್ದರೆ ಕೈ ಬೆವರಿರ್ತದೆ.

ಕಾಳಗದ ವ್ಯವಸ್ಥೆ ಹೀಗೆ. ಎದುರಾಳಿಯ ಮೇಲೆ ಐದು ಮೂಲೆಯ ನಕ್ಷತ್ರದಂಥ ಒಂದು ಗುರುತು ಬರ್ತದೆ. ಮೌಸ್ ಯಾವ ಕಡೆ ಜಗ್ಗಿದಿರೋ ಆ ಕಡೆಯಿಂದ ಏಟು. ತಲೆಗೆ, ಎಡಭುಜಕ್ಕೆ, ಬಲ ಪಕ್ಕೆಗೆ, ಹೀಗೆ. ನಡುವೆ ಇಟ್ಟು ಚುಚ್ಚಬಹುದು. ಅವನು ಹೊಡೆಯುವಾಗ ಒಂದು ಕ್ಷಣ ಹಸಿರು ಗುರಾಣಿ ಮಿಂಚ್ತದೆ, ಸರಿಯಾಗಿ ಅದೇ ಹೊತ್ತಿಗೆ ತಡೆದರೆ ಪೂರ್ತಿ ತಡೆ. ಪ್ರತಿ ಏಟಿಗೂ ದಮ್ಮು ಖರ್ಚಾಗ್ತದೆ. ಪೆಟ್ಟು ತಿಂದು ಜೀವ ಇಳಿದಷ್ಟೂ ದಮ್ಮಿನ ಅಳತೆಯೂ ಗಿಡ್ಡಾಗ್ತಾ ಬರ್ತದೆ. ಮುಖಕ್ಕೆ ಕಬ್ಬಿಣದ ಮುಚ್ಚಳವಿರುವ ಶಿರಸ್ತ್ರಾಣ ಹಾಕಿಕೊಂಡರೆ ತಲೆ ಉಳೀತದೆ, ಆದರೆ ಜಗತ್ತು ಒಂದು ಸೀಳಿನಷ್ಟೇ ಕಾಣ್ತದೆ. ಉಕ್ಕಿನ ಕವಚ ತೊಟ್ಟವನಿಗೆ ಕತ್ತಿ ನಾಟಲ್ಲ, ಗದೆ ಬೇಕು. ಇದೆಲ್ಲ ಹದಿನೈದನೇ ಶತಮಾನದ ಯುರೋಪಿನ ಕತ್ತಿವರಸೆಯನ್ನು ಅಭ್ಯಾಸ ಮಾಡಿ ಕೂಡಿಸಿದ್ದು. ಕತ್ತಿ ಅಂದರೆ ಸಿನಿಮಾದಲ್ಲಿ ತೋರಿಸೋ ಹಾಗೆ ಹತ್ತು ಕೆಜಿಯ ಸಲಾಕೆಯಲ್ಲ. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿಯೂ ಒಂದೂವರೆ ಕೆಜಿಯ ಆಸುಪಾಸು. ಭಾರ ಇರೋದು ಕತ್ತಿಯಲ್ಲಲ್ಲ, ಹೊತ್ತು ಹೋದಂತೆ ಕೈಯಲ್ಲಿ.

ಶುರುವಿಗೇ ಒಂದು ಪ್ರಸಂಗವಿದೆ. ಅಪ್ಪ ಕೊಟ್ಟ ಸಾಮಾನಿನ ದುಡ್ಡು ವಸೂಲಿಗೆ ಕುನೇಶ್ ಅನ್ನೋ ಕುಡುಕನ ಮನೆಗೆ ಹೋಗ್ತೀರಿ. ಮೊಟ್ಟಮೊದಲ ಹೊಡೆದಾಟ ಅದು. ಹೆಚ್ಚಿನ ಜನ ಆ ಕುಡುಕನ ಕೈಲಿ ಒದೆ ತಿಂದು ಮಣ್ಣು ಕಚ್ಚಿರ್ತಾರೆ. ಹೀರೋ ಕುಡುಕನ ಕೈಲಿ ಸೋಲೋ ಗೇಮನ್ನ ನಾನು ಬೇರೆಲ್ಲೂ ನೋಡಿಲ್ಲ. ನನಗೆ ಅಲ್ಲೇ ಇದರ ಮೇಲೆ ಪ್ರೀತಿ ಹುಟ್ಟಿತು. ತಮ್ಮನಿಗೆ ಅಲ್ಲೇ ಸಿಟ್ಟು ಹತ್ತಿತು.

ಅವನ ಸಿಟ್ಟಿಗೆ ಅರ್ಥವಿತ್ತು. ಅವನು ತಾಲೀಮು ಮಾಡಿದ ಹುಡುಗ. ನಮ್ಮ ಕಾಕಾ ಒಂದು ಕಾಲಕ್ಕೆ ಸುತ್ತಲಿನ ಜಾತ್ರೆಗಳ ಕುಸ್ತಿ ಕಣದಲ್ಲಿ ಹೆಸರಿದ್ದ ಪೈಲ್ವಾನ. ತಾಲೀಮು ಮನಿ ಅಂದರೆ ಒಂದು ಸಣ್ಣ ಕೋಣೆ, ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೊಂದು ಹನುಮಪ್ಪನ ಪಟ. ಮಣ್ಣಿಗೆ ಎಣ್ಣೆ, ಅರಿಷಿಣ, ಮಜ್ಜಿಗೆ, ನಿಂಬೆ ರಸ ಹಾಕಿ ಹದ ಮಾಡ್ತಿದ್ದರು. ನಾನು ಹತ್ತನೇ ಕ್ಲಾಸಿಗೆ ಬಿಟ್ಟೆ, ಓದಿನ ನೆಪ ಇತ್ತು. ತಮ್ಮ ಬಿಡಲಿಲ್ಲ. ಮುಂಜಾನೆ ಐದಕ್ಕೆ ದಂಡ, ಬೈಠಕ್, ಆಮೇಲೆ ಮಟ್ಟಿ. ಹದಿನೆಂಟಕ್ಕೆ ಅವನ ಕುತ್ತಿಗೆ ಎತ್ತಿನ ಕುತ್ತಿಗೆ ಹಂಗಿತ್ತು. ಅಂಥವನ ಕೈಗೆ, ಕುಡುಕನೊಬ್ಬನಿಗೂ ಸೋಲುವ ಹುಡುಗನನ್ನು ಕೊಟ್ಟು ಆಡು ಅಂದರೆ?

"ಯಣ್ಣಾ, ಇದರಾಗ ಕಲಿತಾವಂಗೂ ಕಲೀದಾವಂಗೂ ಫರಕಿಲ್ಲ" ಅಂದ.

"ಕಲಿ, ಆಮ್ಯಾಲ ಹೇಳು" ಅಂದೆ.

ಅವನು ಕಲಿತ. ರಾಟೇ ಅನ್ನೋ ಊರಿನಲ್ಲಿ ಕ್ಯಾಪ್ಟನ್ ಬರ್ನಾರ್ಡ್ ಅಂತ ಒಬ್ಬ ವಸ್ತಾದ ಇದ್ದಾನೆ. ಅಲ್ಲಿ ಮರದ ಕತ್ತಿ ಹಿಡಿದು ರಾತ್ರಿಗಟ್ಟಲೆ ಅಭ್ಯಾಸ ಮಾಡಿದ. ಹತ್ತು ದಿನದಲ್ಲಿ ನನಗಿಂತ ಚಲೋ ಆಡೋಕೆ ಹತ್ತಿದ. ಆಗ ಶುರುವಾಯಿತು ನಿಜವಾದ ವಾದ. ಯಾಕಂದರೆ ಆಗ ಅವನ ದೂರು ಸೋತವನ ದೂರಾಗಿರಲಿಲ್ಲ.

ಮೊದಲನೇದು ಮಾಸ್ಟರ್ ಸ್ಟ್ರೈಕ್. ಹಳೆಯ ಜರ್ಮನ್ ಕತ್ತಿವರಸೆಯಲ್ಲಿ ಐದು 'ಗುರು ಹೊಡೆತ'ಗಳಿದ್ದವು; ಎದುರಾಳಿಯ ಏಟನ್ನು ತಡೆಯುವುದೂ ತಿರುಗಿ ಹೊಡೆಯುವುದೂ ಒಂದೇ ಚಲನೆಯಲ್ಲಿ. ಗೇಮಿನ ಹೆಸರು ಬಂದದ್ದು ಅಲ್ಲಿಂದ. ಬರ್ನಾರ್ಡ್ ಅದನ್ನು ಒಮ್ಮೆ ಕಲಿಸಿದ ಅಂದರೆ ಮುಗೀತು. ಸುಮ್ಮನೆ ನಿಂತು ಕಾಯಿರಿ, ಅವನು ಹೊಡೆದಾಗ ಹಸಿರು ಗುರಾಣಿ ನೋಡಿ ಒತ್ತಿರಿ, ಉಳಿದದ್ದು ಹೆನ್ರಿ ತಾನೇ ಮಾಡ್ತಾನೆ. ಏಟು ಯಾವ ಕಡೆಯಿಂದ ಬಂತು ಅನ್ನೋದೂ ಬೇಕಿಲ್ಲ. ಇಷ್ಟು ಚಂದದ ಐದು ದಿಕ್ಕಿನ ನಕ್ಷತ್ರ ಯಾಕೆ ಬೇಕಿತ್ತು ಹಾಗಾದರೆ? ಎದುರಾಳಿಗೂ ಅದೇ ವಿದ್ಯೆ ಬರ್ತದೆ, ಹಾಗಾಗಿ ಮೊದಲು ಹೊಡೆದವನೇ ಪೆಟ್ಟು ತಿನ್ನೋದು. ಇಬ್ಬರು ಕತ್ತಿ ಹಿಡಿದು ಬಸ್ಸಿಗೆ ಕಾಯುವವರ ಹಾಗೆ ನಿಂತಿರ್ತಾರೆ. ಈ ವಿಷಯದಲ್ಲಿ ತಮ್ಮನ ಮಾತಿಗೆ ನನ್ನ ಎದುರು ಮಾತಿಲ್ಲ. ಇಡೀ ಪ್ರಪಂಚದ ಆಟಗಾರರೂ ಇದನ್ನೇ ಬೈದರು.

ಎರಡನೇದು ಗುಂಪಿನ ಕಾಳಗ. ನಮ್ಮ ಜಗಳ ಇರೋದು ಇಲ್ಲಿ.

ಗೇಮಿನಲ್ಲಿ ಎದುರಾಳಿಯ ಮೇಲೆ ಕಣ್ಣು 'ಲಾಕ್' ಆಗ್ತದೆ. ಒಬ್ಬನಿದ್ದಾಗ ಅನುಕೂಲ. ಮೂವರಿದ್ದರೆ ನರಕ. ನಿಮ್ಮ ದೃಷ್ಟಿ ಒಬ್ಬನಿಗೆ ಅಂಟಿಕೊಂಡಿರ್ತದೆ, ಉಳಿದಿಬ್ಬರು ಬೆನ್ನಿಗೆ, ಪಕ್ಕೆಗೆ ಬಾರಿಸ್ತಾರೆ. ಇನ್ನೊಬ್ಬನ ಕಡೆ ತಿರುಗಬೇಕು ಅಂದರೆ ಕಣ್ಣು ಎಲ್ಲಿಗೋ ಜಿಗೀತದೆ. ಎಷ್ಟು ಕಲಿತಿದ್ದರೂ, ಮೂರು ಜನ ಭಿಕಾರಿ ದರೋಡೆಕೋರರು ದೊಣ್ಣೆ ಹಿಡಿದು ಬಂದರೆ ಹೆನ್ರಿ ಹೆಣ. ತಮ್ಮನ ವಾದ ಸರಳ: ಇದು ನಿಜ ಅಲ್ಲ, ಕ್ಯಾಮೆರಾ ತಪ್ಪು. ಕಲಿತ ಮನುಷ್ಯ ಕಲಿಯದ ಮೂವರ ಮುಂದೆ ಸೋಲೋದಿಲ್ಲ, ಸೋಲಬಾರದು.

ನನ್ನ ವಾದ: ಸೋಲ್ತಾನೆ. ಗೇಮು ಹೇಳ್ತಿರೋದು ಅದನ್ನೇ. ಮೂರು ಜನರ ನಡುವೆ ನಿಂತು ಗೆಲ್ಲೋದು ಡಾ. ರಾಜ್‌ಕುಮಾರ್ ಸಿನಿಮಾದಲ್ಲಿ.

ನಮ್ಮ ಭಾಗದ ಹಳ್ಳಿಗಳಲ್ಲಿ ವೀರಗಲ್ಲುಗಳನ್ನು ನೀವು ನೋಡಿರಬಹುದು. ಊರ ಹೊರಗೆ, ಗುಡಿಯ ಮಗ್ಗುಲಿಗೆ ನಿಂತಿರ್ತವೆ. ಕೆಲವಕ್ಕೆ ಎಣ್ಣೆ, ಕೆಲವಕ್ಕೆ ಸುಣ್ಣ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ: ಊರ ದನ ಹೊಡೆದುಕೊಂಡು ಹೋಗುವವರನ್ನು ಒಬ್ಬ ತಡೀತಿರ್ತಾನೆ, ಎದುರಿಗೆ ಎರಡೋ ಮೂರೋ ನಾಲ್ಕೋ ಜನ. ಶಿಲ್ಪಿ ಆ ಒಬ್ಬನನ್ನು ದೊಡ್ಡದಾಗಿ ಕೆತ್ತಿರ್ತಾನೆ, ಉಳಿದವರು ಸಣ್ಣವರು. ಹಾಗಾಗಿ ಅವನೇ ಗೆದ್ದ ಅನಿಸ್ತದೆ. ನಡುವಿನ ಅಂತಸ್ತಿಗೆ ಕಣ್ಣು ಎತ್ತಿದರೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗ್ತಿರ್ತಾರೆ. ಮೇಲೆ ಲಿಂಗದ ಮುಂದೆ ಕೈಲಾಸದಲ್ಲಿ ಕೂತಿರ್ತಾನೆ. ಅಂದರೆ ಸತ್ತಿದ್ದಾನೆ. ಹಲವರ ಮುಂದೆ ಒಬ್ಬನಾಗಿ ನಿಂತವನಿಗೆ ಊರು ಕಲ್ಲು ನೆಟ್ಟಿತು, ಗೆದ್ದು ಮನೆಗೆ ಬಂದ ಅಂತ ಸುಳ್ಳು ಹೇಳಲಿಲ್ಲ. ಈ ಮಾತನ್ನು ತಮ್ಮನಿಗೆ ಹೇಳಿದರೆ, "ಕಲ್ಲಿನ ಮಾತು ಬಿಡಣ್ಣ, ಕ್ಯಾಮೆರಾ ಮಾತಾಡು" ಅಂತಾನೆ.

ಅವನು ಯಾಕೆ ಇಷ್ಟು ಹಟ ಹಿಡೀತಾನೆ ಅನ್ನೋದು ನನಗೆ ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. 2017ರಲ್ಲಿ ಒಂದು ಜಾತ್ರೆಯಲ್ಲಿ ಬೈಕ್ ತಾಗಿಸಿದ ವಿಷಯಕ್ಕೆ ಅವನಿಗೂ ಮೂರು ಹುಡುಗರಿಗೂ ಮಾತಿಗೆ ಮಾತು ಬೆಳೆಯಿತು. ಆ ಮೂವರಲ್ಲಿ ಒಬ್ಬನೂ ತಾಲೀಮು ಮನಿ ಹೊಸ್ತಿಲು ತುಳಿದವನಲ್ಲ. ತಮ್ಮನ ಬಲಭುಜದ ಎಲುಬು ಮುರಿದು ಮನೆಗೆ ಬಂದ. ಎಲುಬು ಕೂಡಿಕೊಂಡಿತು. ತಾಲೀಮಿಗೆ ಮಾತ್ರ ಮತ್ತೆ ಹೋಗಲಿಲ್ಲ. ಕಾಕಾ ಎರಡು ಸಲ ಬಂದು ಬಾಗಿಲಲ್ಲಿ ಕೂತು ಹೋದ, ಏನೂ ಕೇಳಲಿಲ್ಲ. ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ತಮ್ಮ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯೋಕೆ ಸೇರಿಕೊಂಡ. ಮಟ್ಟಿಗೆ ಇಳಿಯೋ ಹುಡುಗರು ಕಡಿಮೆಯಾಗಿ, ತಾಲೀಮು ಮನಿಯಲ್ಲಿ ಈಗ ಗೊಬ್ಬರದ ಚೀಲ.

ಹಾಗಾಗಿ ಅವನು 'ಗೇಮು ಸರಿಯಿಲ್ಲ' ಅಂದಾಗ ನಾನು ಪೂರ್ತಿ ಜೋರು ಮಾಡ್ತಿರಲಿಲ್ಲ. ಒಂದು ಅಂಚಿಗೆ ಬಂದು ನಿಲ್ತಿದ್ದೆ. ಅವನೂ ನಿಲ್ತಿದ್ದ.

ಲಾಕ್‌ಡೌನಿನ ಒಂದು ರಾತ್ರಿ ಕಾಕಾ ಬಂದ. ಅವನಿಗೆ ಟಿವಿ ನೋಡಿ ಬೇಸರ ಹತ್ತಿತ್ತು. "ಏನಲೇ ಅದು, ನೋಡೂಣು" ಅಂತ ಲ್ಯಾಪ್‌ಟಾಪ್ ಮುಂದೆ ಕಾಲು ಮಡಚಿ ಕೂತ. ತಮ್ಮ ಒಬ್ಬ ದರೋಡೆಕೋರನ ಜೊತೆ ಕತ್ತಿ ಹಿಡಿದು ನಿಂತಿದ್ದ. ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಕೇಳಿದ ಮೊದಲ ಪ್ರಶ್ನೆ: "ಇವನ ಕಾಲು ಎಲ್ಲೈತಿ?"

ಕಾಲು ಕಾಣೋದಿಲ್ಲ. ಹೆನ್ರಿಯ ಕಣ್ಣಿನಿಂದಲೇ ನಾವು ನೋಡೋದು. ಕೈ, ಕತ್ತಿ, ಎದುರಾಳಿ, ಅಷ್ಟೇ.

"ಕಾಲು ಇಲ್ದಾಂವ ಹೆಂಗ ಹೊಡದಾಡ್ತಾನ? ಪಟ್ಟು ಹಾಕೋದು ಕೈ ಅಲ್ಲಪಾ, ಕಾಲು."

ಐದು ವರ್ಷದ ನಮ್ಮ ವಾದದಲ್ಲಿ ಈ ಗೇಮಿನ ಮೇಲೆ ಇದಕ್ಕಿಂತ ಗಟ್ಟಿ ಟೀಕೆ ನಾವಿಬ್ಬರೂ ಮಾಡಿಲ್ಲ. ನಿಜ, ಈ ಗೇಮಿನ ಎಲ್ಲಾ ವಿದ್ಯೆ ಸೊಂಟದ ಮೇಲೆ. ಹಿಂದೆ ಮುಂದೆ ಸರಿಯಬಹುದು, ಪಕ್ಕಕ್ಕೆ ಜಿಗಿಯಬಹುದು, ಆದರೆ ಯಾವ ಕಾಲು ಮುಂದಿದೆ, ಭಾರ ಎಲ್ಲಿದೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಆಮೇಲೆ ಹೆನ್ರಿ ದಣಿದು ಏದುಸಿರು ಬಿಡತೊಡಗಿದ. ಕಾಕಾನ ಮುಖ ಅರಳಿತು. "ಹಾಂ, ಇದು ಖರೇ ಐತಿ ನೋಡು. ದಮ್ಮು ಮುಗದ ಮ್ಯಾಲ ಯಾವ ಪಟ್ಟೂ ನೆನಪಿಗೆ ಬರಂಗಿಲ್ಲ."

ದಮ್ಮಿನ ಮಾತು ಬಂದಾಗ ಕೃಷ್ಣದೇವರಾಯನ ಕಥೆ ಹೇಳಿದೆ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಯನ ದಿನಚರಿ ಬರೆದಿದ್ದಾನೆ. ರಾಯ ಬೆಳಕು ಹರಿಯೋ ಮುಂಚೆ ಎದ್ದು ಎಳ್ಳೆಣ್ಣೆ ಕುಡೀತಿದ್ದ, ಅದೇ ಎಣ್ಣೆ ಮೈಗೂ ಹಚ್ಚಿಕೊಳ್ತಿದ್ದ. ಮಣ್ಣಿನ ದೊಡ್ಡ ಭಾರಗಳನ್ನು ಕೈಯಲ್ಲಿ ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಧನೆ. ಅದಾದ ಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನ ಜೊತೆ ಕುಸ್ತಿ. ಕೊನೆಗೆ ಕುದುರೆ ಹತ್ತಿ ಬಯಲಿನಲ್ಲಿ ಓಟ. ಇಷ್ಟೆಲ್ಲ ಮುಗಿದಾಗ ಬೆಳಗಾಗ್ತಿತ್ತಂತೆ. ಕುಸ್ತಿಯನ್ನು ಕತ್ತಿಯ ಮುಂಚೆ ಯಾಕೆ ಇಟ್ಟಿಲ್ಲ ಅಂತ ಕಾಕಾನನ್ನು ಕೇಳಿದೆ. ಅವನು ಯೋಚನೆಯನ್ನೇ ಮಾಡಲಿಲ್ಲ. "ದಣದ ಮ್ಯಾಲ ಕುಸ್ತಿ ಹಿಡಿದ್ರನ ಕುಸ್ತಿ. ತಾಜಾ ಇದ್ದಾಗ ಯಾರ್ ಬೇಕಾದ್ರೂ ಹಿಡೀತಾರ."

ಅಷ್ಟರಲ್ಲಿ ತಮ್ಮನಿಗೆ ದಾರಿಯಲ್ಲಿ ಮೂವರು ಅಡ್ಡ ಬಂದರು. ಅವನಿಗೆ ಶ್ನಾಪ್ಸ್ ಮುಗಿದಿತ್ತು, ಸೇವ್ ಆಗಿ ಒಂದು ತಾಸಾಗಿತ್ತು. ಮೊದಲಿನವನ ಮೇಲೆ ಕಣ್ಣು ಲಾಕ್ ಆಯಿತು, ಚಲೋ ಎರಡು ಏಟು ಹಾಕಿದ. ಬೆನ್ನ ಹಿಂದಿನಿಂದ ದೊಣ್ಣೆ ಬಿತ್ತು. ಮತ್ತೊಂದು. ಪರದೆ ಕೆಂಪಗಾಯಿತು, ಹೆನ್ರಿ ಸತ್ತ.

"ನೋಡಣ್ಣ, ನೋಡು ಕಾಕಾ! ಇದನ್ನ ಹೇಳಾಕ ಹತ್ತಿದ್ದು. ಒಬ್ಬನ್ನ ನೋಡಾಕ ಹಚ್ಚಿ ಉಳದಿಬ್ರನ್ನ ಮುಚ್ಚಿಡ್ತೈತಿ. ಮನಶ್ಯಾಗ ಹಂಗ ಕಣ್ಣು ಅಂಟಿರ್ತಾವೇನು?"

ಕಾಕಾ ಅವನ ಮುಖ ನೋಡಿದ. ಮೂರು ವರ್ಷದಿಂದ ಕೇಳದೆ ಇಟ್ಟಿದ್ದನ್ನು ಅವತ್ತು ಕೇಳಿದ: "ಅವತ್ತು ಜಾತ್ರ್ಯಾಗ ನೀ ಏನ್ ಮಾಡ್ದಿ?"

ನನಗೆ ಎದ್ದು ಹೋಗೋಣ ಅನಿಸಿತು. ತಮ್ಮ ಸ್ವಲ್ಪ ಹೊತ್ತು ಮೌಸನ್ನು ಸುಮ್ಮನೆ ತಿರುಗಿಸಿದ. ಆಮೇಲೆ ಹೇಳಿದ. ಮೊದಲು ಕೈ ಎತ್ತಿದವನನ್ನು ಕೊರಳಪಟ್ಟಿಗೆ ಹಾಕಿ ಹಿಡಿದನಂತೆ. ಚಲೋ ಹಿಡಿತ, ಬಿಡಿಸಿಕೊಳ್ಳೋಕೆ ಆಗದಂಥದ್ದು. ನೆಲಕ್ಕೆ ಒಯ್ದನಂತೆ. "ಹಿಡಿದಿದ್ದೆ ಕಾಕಾ. ಪಕ್ಕಾ ಹಿಡಿದಿದ್ದೆ. ಉಳದಿಬ್ರು ಎಲ್ಲಿದ್ರು ಗೊತ್ತ ಆಗ್ಲಿಲ್ಲ."

"ಮತ್ತ, ಇದನ್ನ ಮಾಡ್ಯಾನಲ್ಲ ಇವನೂ" ಅಂತ ಕಾಕಾ ಪರದೆಯ ಕಡೆ ಗದ್ದ ತೋರಿಸಿದ. ಸ್ವಲ್ಪ ತಡೆದು ಅಂದ: "ನಿನ್ನ ತಪ್ಪಲ್ಲೋ. ನಾವು ಹಿಡಿಯೋದು ಕಲಸ್ತೀವಿ. ಬಿಡೋದು ಕಲಸಂಗಿಲ್ಲ. ಮಟ್ಟ್ಯಾಗ ಎರಡನೇದಾಂವ ಇರಂಗಿಲ್ಲಲ್ಲ."

ಕುಸ್ತಿಯ ಕಣದಲ್ಲಿ ಒಬ್ಬನ ಮುಂದೆ ಒಬ್ಬ. ಸುತ್ತ ಜನ ನಿಂತಿರ್ತಾರೆ, ನಿರ್ಣಾಯಕ ಇರ್ತಾನೆ, ಬೆನ್ನು ಮಣ್ಣಿಗೆ ಹತ್ತಿದರೆ ಮುಗೀತು. ಮೈಸೂರು ಅರಮನೆಯಲ್ಲಿ ವಿಜಯದಶಮಿಗೆ ನಡೆಯುವ ವಜ್ರಮುಷ್ಟಿ ಕಾಳಗ ನೋಡಿ: ತಲೆ ಬೋಳಿಸಿದ ಇಬ್ಬರು ಜಟ್ಟಿಗಳು, ಕೈಯಲ್ಲಿ ಮುಳ್ಳಿನ ಮುಷ್ಟಿ, ನೋಡೋಕೆ ಭಯಂಕರ. ಆದರೆ ಒಂದು ಹನಿ ರಕ್ತ ಕಂಡ ಕ್ಷಣ ಬಿಡಿಸ್ತಾರೆ. ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ, ಹೆಸರಿನಲ್ಲೇ ವಿನೋದ. ಅವರು ಕಲಿಸಿದ್ದು ಸುಳ್ಳು ವಿದ್ಯೆ ಅಲ್ಲ. ಆದರೆ ಅದು ಗೆರೆ ಹಾಕಿದ ಜಾಗದ ವಿದ್ಯೆ. ಗೆರೆ ಇಲ್ಲದ ಕಡೆ ಅದೇ ಹಿಡಿತ ನಿಮ್ಮ ಎರಡೂ ಕೈಗೆ ಬೇಡಿ. ಗೇಮಿನ 'ಲಾಕ್' ಅನ್ನೋದು ಮಾಡಿದವರ ಕೈ ತಪ್ಪಿ ಆಗಿರಬಹುದು, ಪ್ರೋಗ್ರಾಮಿಂಗಿನ ಸೌಕರ್ಯಕ್ಕೆ ಆಗಿರಬಹುದು. ನನಗೆ ಮಾತ್ರ ಅದು, ಒಂದೇ ಕಡೆ ಕಣ್ಣು ನೆಡೋದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವನೊಬ್ಬನ ಕಣ್ಣು.

ತಮ್ಮ ಒಪ್ಪಿದನಾ? ಇಲ್ಲ. "ನಾನು ನನ್ನ ಕೈಯಾರೆ ಹಿಡಿದಿದ್ದೆ, ಇದು ತಾನೇ ಹಿಡೀತೈತಿ. ಎರಡೂ ಒಂದ ಹೆಂಗ ಆಗ್ತಾವ?" ಅಂದ. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ಆದರೆ ಅವತ್ತಿನಿಂದ ಜಾತ್ರೆಯ ವಿಷಯ ಮನೆಯಲ್ಲಿ ಮಾತಾಡೋ ವಿಷಯವಾಯಿತು. ಅವ್ವ ಕೂಡ ಒಮ್ಮೆ ರೊಟ್ಟಿ ಬಡಿಯುತ್ತಾ, "ಅವರು ಮೂರು ಮಂದಿ ಇದ್ರಂತ ಮೊದಲ ಹೇಳಬೇಕಿಲ್ಲೋ, ಒಬ್ಬನ ಕೈಲಿ ಹೊಡಸ್ಕೊಂಡು ಬಂದೀ ಅಂತ ತಿಳದಿದ್ದೆ" ಅಂದಳು. ಅವನು ನಕ್ಕಿದ್ದನ್ನು ನೋಡಿದೆ.

ಮರುದಿನದಿಂದ ಅವನ ಆಟ ಬದಲಾಯಿತು. ಮೂವರು ಕಂಡರೆ ಮೊದಲು ಓಡ್ತಿದ್ದ. ಓಡಿದರೆ ಬೆನ್ನು ಹತ್ತಿದವರು ಒಬ್ಬರಿಗಿಂತ ಒಬ್ಬರು ಹಿಂದೆ ಬೀಳ್ತಾರೆ. ಭಾರದ ಕವಚದವನು ಎಲ್ಲರಿಗಿಂತ ಹಿಂದೆ. ಆಗ ತಿರುಗಿ ಮುಂದಿನವನನ್ನು ಹಿಡೀಬೇಕು, ಎರಡನೇಯವನು ತಲುಪೋ ಮುಂಚೆ ಬಿಟ್ಟು ಮತ್ತೆ ಓಡಬೇಕು. ಬೇಲಿಯ ಸಂದಿ, ಬಾಗಿಲಿನ ಚೌಕಟ್ಟು, ಕಿರಿದಾದ ಸೇತುವೆ ಸಿಕ್ಕರೆ ಇನ್ನೂ ಚಲೋ. ಬಿಲ್ಲು ಇದ್ದರೆ ದೂರದಿಂದಲೇ ಒಬ್ಬನನ್ನು ಕಡಿಮೆ ಮಾಡಬೇಕು. ಹೀಗೆ ನಾಲ್ಕು ಜನರನ್ನು ಮುಗಿಸಿದ ರಾತ್ರಿ ಕಾಕಾನನ್ನು ಕರೆದು ತೋರಿಸಿದ. ಜೊತೆಗೆ ಒಂದು ಅನುಮಾನವನ್ನೂ ಕೇಳಿದ: "ಆದ್ರೂ ಕಾಕಾ, ಓಡೋದು ಪಟ್ಟಲ್ಲ ಬಿಡು."

"ಯಾರಂದ್ರು ಅಲ್ಲಂತ?" ಅಂದ ಕಾಕಾ.

ಇದನ್ನೆಲ್ಲ ಹೇಳಿದ ಮೇಲೂ ಗೇಮಿನ ಕಾಳಗ ಪೂರ್ತಿ ಯಶಸ್ವಿ ಅಂತ ನಾನು ಹೇಳಲ್ಲ. ಮಾಸ್ಟರ್ ಸ್ಟ್ರೈಕ್ ಕಲಿತ ಮೇಲೆ ಅರ್ಧ ಆಟ ಸಪ್ಪೆ. ಗಿಡ ಮರಗಳ ನಡುವೆ ಕಾಳಗವಾದರೆ ಯಾವುದೋ ಪೊದೆಗೆ ಸಿಕ್ಕಿಕೊಂಡು ಕುಣೀತಿರ್ತೀರಿ, ಅದನ್ನು ವಾಸ್ತವ ಅಂತ ಸಮರ್ಥಿಸೋ ವಕೀಲ ನಾನಲ್ಲ. ಬಹಳ ಜನ ಮೊದಲ ಐದು ತಾಸಿನಲ್ಲೇ ಬಿಟ್ಟು ಹೋದರು, ಅವರನ್ನು ಬೈಯೋಕೂ ಆಗಲ್ಲ. ಆಫೀಸ್ ಮುಗಿಸಿ, ಸಿಲ್ಕ್ ಬೋರ್ಡ್ ದಾಟಿ, ರಾತ್ರಿ ಒಂಬತ್ತಕ್ಕೆ ಮನೆ ಸೇರಿದವನಿಗೆ ಕುಡುಕನ ಕೈಲಿ ಒದೆ ತಿನ್ನೋ ಮನರಂಜನೆ ಬೇಕಿರಲ್ಲ. ಆದರೆ ಕೈಗೆ ವಿದ್ಯೆ ಹತ್ತೋದು ಎಷ್ಟು ನಿಧಾನ, ಹತ್ತಿದ ವಿದ್ಯೆಗೂ ಎಲ್ಲಿ ಗೆರೆ ಇದೆ, ಇವೆರಡನ್ನೂ ಇದರಷ್ಟು ಚೆನ್ನಾಗಿ ಹೇಳಿದ ಬೇರೆ ಗೇಮ್ ನನಗೆ ಸಿಕ್ಕಿಲ್ಲ.

2025ರ ಫೆಬ್ರುವರಿಯಲ್ಲಿ ಎರಡನೇ ಭಾಗ ಬಂತು. ಒಂದೇ ದಿನದಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾಯಿತು ಅಂತ ಕಂಪನಿಯವರೇ ಹೇಳಿಕೊಂಡರು. ನವಲಿಯ ಹಳೇ ಲ್ಯಾಪ್‌ಟಾಪಿಗೆ ಅದು ಹತ್ತಲ್ಲ. ತಮ್ಮ ಗಿರಣಿಯಲ್ಲಿ ಎರಡು ದಿನ ರಜೆ ಹಾಕಿ ಬೆಂಗಳೂರಿಗೆ ಬಂದ, ಬಂದವನು ಸ್ನಾನವನ್ನೂ ಮಾಡದೆ ಆಡೋಕೆ ಕೂತ. ಐದು ದಿಕ್ಕು ನಾಲ್ಕಾಗಿದೆ. ಕಾಳಗ ಹಗುರಾಗಿದೆ, ಕಣ್ಣು ಮೊದಲಿನಷ್ಟು ಜಿಗಿಯಲ್ಲ. ಮಾಸ್ಟರ್ ಸ್ಟ್ರೈಕ್‌ಗೆ ಈಗ ಸುಮ್ಮನೆ ಒತ್ತಿದರೆ ಸಾಲದು. ಏಟು ಯಾವ ಕಡೆಯಿಂದ ಬರ್ತದೋ ಅದರ ಎದುರು ದಿಕ್ಕಿನಲ್ಲಿ ಕತ್ತಿ ಇರಬೇಕು. ಅವನು ಐದು ವರ್ಷ ಬೈದದ್ದನ್ನೆಲ್ಲ ಪ್ರಾಗ್‌ನವರು ಕೇಳಿಸಿಕೊಂಡ ಹಾಗೇ ಇತ್ತು. ಒಪ್ಪಿಕೋತಾನೆ ಅಂತ ಕಾದೆ.

ಊಟಕ್ಕೆ ಎದ್ದಾಗ ಬಾಯಿ ಬಿಟ್ಟ: "ಎಲ್ಲಾ ಚಲೋ ಮಾಡ್ಯಾರ. ಆದ್ರ ಆ ಗುರು ಹೊಡೆತ ಕತ್ತಿಗೆ ಅಷ್ಟ ಯಾಕ ಕೊಟ್ರು? ಗದೆ ಹಿಡಿದಾಂವ ಏನ್ ಪಾಪ ಮಾಡ್ಯಾನ?"

ಗದೆ ಭಾರ, ಅದರಲ್ಲಿ ಅಷ್ಟು ಸೂಕ್ಷ್ಮ ವರಸೆ ಬರಲ್ಲ, ಕವಚ ಒಡೆಯೋ ಶಕ್ತಿ ಬೇರೆ ಇದೆಯಲ್ಲ ಅಂತ ನಾನು ಸಮಜಾಯಿಷಿ ಕೊಟ್ಟೆ. ಅವನು ತಟ್ಟೆಯಲ್ಲಿ ಅನ್ನ ಕಲಸುತ್ತಾ ತಲೆ ಅಲ್ಲಾಡಿಸಿದ. ಅಂಜನಾದ್ರಿ ಬೆಟ್ಟ ಇರೋ ತಾಲೂಕಿನಲ್ಲಿ ದುಡಿಯೋ ತಾನು ಗದೆಗೆ ಆದ ಈ ಅನ್ಯಾಯವನ್ನು ಸಹಿಸೋದಿಲ್ಲವಂತೆ. ಭಾನುವಾರ ಫೋನ್ ಮಾಡ್ತೀನಿ ಅಂದಿದ್ದಾನೆ.